ಹದಿನಾಲ್ಕು ಗೇಣಿನ ಗೋಡೆ

ಈರಬಸಪ್ಪ ಆ ದಿನ ಪಟ್ಟ ಫಜೀತಿಗೆಲ್ಲ ಮೂಲ ಒಂದು ಟೇಪು. ಹಳದಿ ಡಬ್ಬಿಯೊಳಗೆ ಸುರುಳಿ ಸುತ್ತಿಕೊಳ್ಳುವ, ಹದಿನಾರು ಅಡಿಯ ಉಕ್ಕಿನ ಟೇಪು. ಹಿಂದಿನ ಸಂಜೆ ಕೆಳಗಿನ ಮನೆಯ ಗೂಳಪ್ಪನವರು ಬಂದು "ಎರಡ ನಿಮಿಷ ಕೊಡ್ರಿ" ಎಂದಿದ್ದರು, ಇವನು ಕೊಟ್ಟಿದ್ದ. ಬೆಳಿಗ್ಗೆ ಏಳಕ್ಕೆ ಹೋಗಿ ನೋಡಿದರೆ ಅವರ ಬಾಗಿಲಿಗೆ ಬೀಗ. ಫೋನು ಮಾಡಿದರೆ ಅವರು ಲೋಣಾವಳಾದ ಲೋಕಲ್ ರೈಲಿನಲ್ಲಿ ಕಿಟಕಿ ಪಕ್ಕ ಕೂತಿದ್ದರು.

"ಟೇಪೇನ್ರಿ? ಇಲ್ಲೇ ನನ್ನ ಕಿಸೆದಾಗ ಅದ. ಭಾಳ ಭದ್ರ ಅದ, ಚಿಂತಿ ಮಾಡಬ್ಯಾಡ್ರಿ."

"ಹಂಗಲ್ರಿ, ನನಗ ಇವತ್ತ ಬೇಕಾಗಿತ್ತು."

"ಸಂಜಿಕ ತಂದು ಕೊಡ್ತೀನಿ. ಅಂದಂಗ ಚಿಕ್ಕಿ ಯಾವುದು ತರಲಿ, ಶೇಂಗಾದ್ದೊ ಎಳ್ಳಿಂದೊ?"

ಶೇಂಗಾದ್ದು ಎಂದು ಹೇಳಿ ಈರಬಸಪ್ಪ ಫೋನಿಟ್ಟ. ಅವನ ಸ್ವಭಾವವೇ ಅಂಥದು. ತನಗೆ ಬೇಕಾದ್ದನ್ನು ಕೇಳಲು ಹೋಗಿ, ಎದುರಿನವರು ಕೇಳಿದ್ದಕ್ಕೆ ಉತ್ತರ ಕೊಟ್ಟು ಬರುವ ಮನುಷ್ಯ.

ಟೇಪಿಗೆ ಅಷ್ಟು ಅವಸರ ಯಾಕೆಂದರೆ, ಪುಣೆಯ ಹತ್ತಿರ ನಿಗಡಿಯಲ್ಲಿದ್ದ ಅವನ ಫ್ಲ್ಯಾಟಿನ ಹಾಲಿನಲ್ಲಿ ಒಂದು ಕಡೆಯ ಗೋಡೆಗೆ ನೆಲದಿಂದ ಮಾಳಿಗೆಯವರೆಗೆ ಕಪಾಟು ಕೂಡಿಸುವುದೆಂದು ತೀರ್ಮಾನವಾಗಿತ್ತು. ಬಡಗಿ ದೇವಾನಂದ ಅಫಜಲಪುರದ ಕಡೆಯವನು. ಕೆಲಸದಲ್ಲಿ ಗಟ್ಟಿಗ, ಮಾತಿನಲ್ಲಿ ಇನ್ನೂ ಗಟ್ಟಿಗ. "ಸಾಹೇಬ್ರ, ಮೊದಲ ನಕ್ಷಾ ಕೊಡ್ರಿ. ನಕ್ಷಾ ಇಲ್ಲಂದ್ರ ಮನ್ಯಾಗ ದಿನಕ್ಕೊಬ್ರು ಒಂದೊಂದ ಹೇಳ್ತಾರ. ಹೋದ ವರ್ಷ ಹಿಂಗ ಎರಡ ಮನಿ ಅರ್ಧಕ್ಕ ಬಿಟ್ಟ ಬಂದೀನಿ," ಎಂದು ಮೊದಲ ದಿನವೇ ಹೇಳಿಬಿಟ್ಟಿದ್ದ. ನಕ್ಷೆ ಅಂದು ಸಂಜೆ ಐದರೊಳಗೆ ಅವನ ಫೋನಿಗೆ ಬಂದರೆ ಪ್ಲೈವುಡ್ ತರಿಸಿಡುತ್ತಾನೆ, ಮರುದಿನ ಬೆಳಿಗ್ಗೆ ಹಲಗೆ ಕೊಯ್ಯುವ ಯಂತ್ರ ಖಾಲಿ ಇದೆ. ಅದು ತಪ್ಪಿದರೆ ಮುಂದಿನ ಸರದಿ ದೀಪಾವಳಿ ದಾಟಿದ ಮೇಲೆ.

ಕಪಾಟು ಮನೆಗೆ ಬೇಕಾಗಿತ್ತು, ನಿಜ. ಆದರೆ ಈರಬಸಪ್ಪನಿಗೆ ಬೇಕಾಗಿದ್ದದ್ದು ಅದರಲ್ಲಿ ಒಂದೂವರೆ ಅಡಿ ಮಾತ್ರ. ಒಂದು ಮಲಗುವ ಕೋಣೆಯ ಆ ಮನೆಯಲ್ಲಿ ಅವ್ವ ಶಿವಬಸವ್ವ, ಹೆಂಡತಿ ತ್ರಿವೇಣಿ, ಹನ್ನೆರಡನೇ ಇಯತ್ತೆಯ ಮಗಳು ಸ್ನೇಹಲ್, ಮೂವರ ಸಾಮಾನಿಗೂ ಒಂದೊಂದು ಜಾಗವಿತ್ತು. ಅವನ ಅಂಗಿ ಬಾಗಿಲ ಹಿಂದಿನ ಮೊಳೆಗೆ, ಅವನ ಚಪ್ಪಲಿ ಬಾಗಿಲ ಹೊರಗೆ. ಅವನಿಗೊಂದು ಹವ್ಯಾಸವಿತ್ತು, ನಿಂತ ಗಡಿಯಾರಗಳನ್ನು ಬಿಚ್ಚಿ ನಡೆಸುವುದು. ಸಣ್ಣ ಸ್ಕ್ರೂಡ್ರೈವರುಗಳು, ಚಿಮಟ, ಕಣ್ಣಿಗೆ ಸಿಗಿಸಿಕೊಳ್ಳುವ ಭೂತಗನ್ನಡಿ, ಎಲ್ಲ ಒಂದು ಪುಟ್ಟ ಟ್ರಂಕಿನಲ್ಲಿದ್ದವು. ಆ ಟ್ರಂಕಿನ ಮೇಲೆ ಅವ್ವ ತಮ್ಮೂರು ಇಂಡಿಯಿಂದ ತಂದ ಹನ್ನೊಂದು ಕೌದಿಗಳಿದ್ದವು, ಕೌದಿಗಳ ಮೇಲೆ ಅವಳ ತಾಮ್ರದ ಹಂಡೆ. ಇಷ್ಟನ್ನು ಇಳಿಸಿ, ಹರವಿಕೊಂಡು ಕೂತು, ಮತ್ತೆ ಏರಿಸುವ ಹೊತ್ತಿಗೆ ಭಾನುವಾರ ಮುಗಿದಿರುತ್ತಿತ್ತು. ಹೀಗಾಗಿ ಮನೆಯ ಗೋಡೆ ಗಡಿಯಾರವೇ ನಾಲ್ಕೂ ಹತ್ತಕ್ಕೆ ನಿಂತು ಎರಡು ವರ್ಷವಾಗಿತ್ತು. ಬಂದ ನೆಂಟರೆಲ್ಲ ಅದನ್ನು ನೋಡಿ "ಇನ್ನಾ ನಾಕ ಹೊಡದದ, ಕೂಡ್ತೀವಿ ಬಿಡ್ರಿ" ಎಂದು ಮತ್ತೊಂದು ತಾಸು ಕೂರುತ್ತಿದ್ದರು.

ಕಪಾಟಿನ ತುದಿಯಲ್ಲಿ ಒಂದೂವರೆ ಅಡಿ ಅಗಲದ ಖಣ, ಅಂದರೆ ಬೇರೆಯೇ ಒಂದು ಅರೆ. ಅದಕ್ಕೊಂದು ಹಲಗೆ, ಕೆಳಗೆ ಇಳಿಸಿದರೆ ಮೇಜು, ಎತ್ತಿ ಮುಚ್ಚಿದರೆ ಬಾಗಿಲು. ಒಂದು ಕೀಲಿ, ಅದು ತನ್ನ ಕಿಸೆಯಲ್ಲಿ. ಹದಿನೆಂಟು ವರ್ಷದ ಸಂಸಾರದಲ್ಲಿ ಈರಬಸಪ್ಪ ತನಗಾಗಿ ಆಸೆಪಟ್ಟದ್ದು ಇಷ್ಟೇ, ಅದನ್ನೂ ಯಾರಿಗೂ ಬಾಯಿಬಿಟ್ಟು ಹೇಳಿರಲಿಲ್ಲ.

ಚಾಕಣದಲ್ಲಿ ಕಾರಿನ ಬಿಡಿಭಾಗ ಮಾಡುವ ಕಾರ್ಖಾನೆಯೊಂದರ ಸ್ಟೋರಿನಲ್ಲಿ ಅವನು ಗುಮಾಸ್ತ. ಬೆಳಿಗ್ಗೆ ಕಂಪನಿ ಬಸ್ಸಿನಿಂದಿಳಿದವನೇ ಬಿಳಿ ಹಾಳೆ, ಪೆನ್ಸಿಲು ಹಿಡಿದು ಗೆರೆ ಎಳೆಯುತ್ತ ಕೂತ. ಡಿಸೈನ್ ವಿಭಾಗದ ಅಭಿಲಾಷ ಚಹಾದ ಲೋಟ ಹಿಡಿದುಕೊಂಡು ಬಂದು ಹಿಂದೆ ನಿಂತ. ಬೆಂಗಳೂರಿನವನು. ಬೇರೆಯವರ ಕೆಲಸವೆಂದರೆ ಊಟ ಬಿಟ್ಟು ಮಾಡುವಷ್ಟು ಹುರುಪು.

"ಏನ್ ಸಾರ್ ಇದು, ಗೋಡೆ ಸೊಟ್ಟಗಿದೆ."

"ಗೋಡಿ ನೆಟ್ಟಗ ಅದ ತಮ್ಮಾ. ಗೆರಿ ಸೊಟ್ಟ ಆಗೇದ."

"ಪೆನ್ಸಿಲಲ್ಲಿ ಯಾರ್ ಸಾರ್ ಡ್ರಾ ಮಾಡ್ತಾರೆ ಈಗ? ಮನೆ ಡಿಸೈನ್ ಮಾಡೋ ಸಾಫ್ಟ್‌ವೇರ್ ಇದೆ, ಫ್ರೀ. ಅಳತೆ ಹಾಕಿದ್ರೆ ಸಾಕು, ಕಪಾಟು ತಾನೇ ಬಂದು ಕೂತ್ಕೊಳತ್ತೆ."

ಹತ್ತು ನಿಮಿಷದಲ್ಲಿ ಈರಬಸಪ್ಪನ ಕಂಪ್ಯೂಟರಿನ ಪರದೆಯ ಮೇಲೆ ಅವನ ಮನೆಯ ಹಾಲು ಎದ್ದು ನಿಂತಿತು. ಗೋಡೆ ಎಷ್ಟು ಅಗಲ ಎಂದು ಸಾಫ್ಟ್‌ವೇರ್ ಕೇಳಿತು. ಟೇಪು ಲೋಣಾವಳಾದಲ್ಲಿ. ಬಿಲ್ಡರ್ ಕೊಟ್ಟ ಬಣ್ಣದ ಪುಸ್ತಕದಲ್ಲಿ ಆ ಗೋಡೆಗೆ ಒಂಬತ್ತು ಅಡಿ ಎಂದು ಬರೆದದ್ದು ಅವನಿಗೆ ನೆನಪಿತ್ತು. ಸದ್ಯಕ್ಕೆ ಒಂಬತ್ತು ಎಂದು ಹಾಕಿದ. ಮೌಸ್ ಒತ್ತಿ ಎಳೆದರೆ ಕಪಾಟು ಹಿಗ್ಗುತ್ತಿತ್ತು, ಕುಗ್ಗುತ್ತಿತ್ತು, ಗೋಡೆ ದಾಟಿದರೆ ಕೆಂಪಗಾಗುತ್ತಿತ್ತು. ಈರಬಸಪ್ಪ ಎಲ್ಲಕ್ಕೂ ಮೊದಲು ಬಾಲ್ಕನಿಯ ಕಡೆಯ ಮೂಲೆಯಲ್ಲಿ ತನ್ನ ಒಂದೂವರೆ ಅಡಿಯ ಖಣ ಕೂಡಿಸಿದ. ಹಲಗೆ ಇಳಿಸಿ ನೋಡಿದ, ಎತ್ತಿ ನೋಡಿದ. ಮೂರು ಸಲ ಹಾಗೆ ಮಾಡಿದ. ಸಂತೋಷದಿಂದ ಅವನ ಕಿವಿ ಬಿಸಿಯಾಯಿತು. ಉಳಿದ ಏಳೂವರೆ ಅಡಿಗೆ ಸಾದಾ ಬಾಗಿಲು ಹಾಕಿ, ಚಿತ್ರ ತೆಗೆದು ತ್ರಿವೇಣಿಗೆ ವಾಟ್ಸಾಪಿನಲ್ಲಿ ಕಳಿಸಿದ.

ಎರಡು ನಿಮಿಷಕ್ಕೆ ಫೋನು ಬಂತು.

"ರೀ, ಕಪಾಟ ಚೊಲೊ ಅದ. ಬಾಜೂಕ ನಿಂತಾಕಿ ಯಾರು?"

ಈರಬಸಪ್ಪ ಗಾಬರಿಯಾಗಿ ಚಿತ್ರ ತೆರೆದು ನೋಡಿದ. ಅವನ ಖಣದ ಪಕ್ಕದಲ್ಲಿ ಮೊಣಕಾಲವರೆಗಿನ ಬಿಳಿ ಲಂಗ ತೊಟ್ಟ ಒಬ್ಬ ವಿದೇಶಿ ಹೆಂಗಸು ಕೈಯಲ್ಲಿ ಕಪ್ಪು ಹಿಡಿದು ನಗುತ್ತ ನಿಂತಿದ್ದಳು. ಕಪಾಟಿನ ಎತ್ತರ ಗೊತ್ತಾಗಲೆಂದು ಸಾಫ್ಟ್‌ವೇರ್ ತಾನಾಗಿ ನಿಲ್ಲಿಸುವ ಗೊಂಬೆ ಅದು. ಪುಕ್ಕಟೆ ಸಾಫ್ಟ್‌ವೇರಾದ್ದರಿಂದ ತೆಗೆದು ಹಾಕಿದರೂ ಮುಂದಿನ ಚಿತ್ರದಲ್ಲಿ ಮತ್ತೆ ಬಂದು ನಿಲ್ಲುತ್ತಾಳೆ ಎಂದು ಅಭಿಲಾಷ ವಿವರಿಸಿದ.

"ಅದು ಗೊಂಬಿ, ತ್ರಿವೇಣಿ. ಕಂಪ್ಯೂಟರ್ ನಿಲ್ಲಸ್ತದ."

"ನನ್ನಂಥಾಕಿ ಒಬ್ಬಾಕಿನ್ನ ನಿಲ್ಲಸ್ಲಾಕ ಬರೂದಿಲ್ಲೇನು ಅದಕ್ಕ?"

ಅಷ್ಟರಲ್ಲಿ ಅವ್ವ ಫೋನು ಕಸಿದುಕೊಂಡಳು. "ಈರಣ್ಣಾ, ಆಕಿ ಕೈಯಾಗ ಏನ್ ಹಿಡದಾಳೊ?"

"ಕಾಫಿ, ಅವ್ವಾ."

"ಕಾಫಿ ಇದ್ರ ಇರಲಿ. ನನ್ನ ಕೌದಿ ಎಲ್ಲೆ ಇಡ್ತಿ? ಹನ್ನೊಂದ ಅವ. ನಾಳಿ ಊರಿಂದ ಯಾರರ ದವಾಖಾನಿಗಿ ಬಂದ್ರ ಏನ್ ಹಾಸಿ ಕೊಡ್ತಿ? ಹಂಡೆ ನೆಲದ ಮ್ಯಾಲ ಇಡಬ್ಯಾಡ ಮತ್ತ, ಒಳಗ ಇಡು."

ಕೌದಿಗೂ ಹಂಡೆಗೂ ಎರಡೂವರೆ ಅಡಿ ಹೋಯಿತು. ಹಿಂದೆಯೇ ತ್ರಿವೇಣಿಯ ಹೊಲಿಗೆ ಯಂತ್ರ. ಕುಪ್ಪಸ ಹೊಲಿದು ಕೊಡುವ ಅವಳಿಗೆ ಯಂತ್ರ ಒಳಗೆ ಸರಿಸಿ ಬಾಗಿಲು ಮುಚ್ಚುವ ಹಾಗೆ ಒಂದು ಖಣ ಬೇಕಿತ್ತು, ಅದಕ್ಕೆ ಎರಡು ಅಡಿ. ಕಾಲೇಜಿನ ಬಿಡುವಿನಲ್ಲಿ ಸ್ನೇಹಲಳ ಸಂದೇಶ ಬಂತು: "ಪಪ್ಪಾ, ಓದೂ ಟೇಬಲ್ಲು, ಮ್ಯಾಲ ಪುಸ್ತಕದ ಶೆಲ್ಫು. ಮಾರ್ಚದಾಗ ಪರೀಕ್ಷಾ ಅದ." ಪರೀಕ್ಷೆಯ ಮುಂದೆ ಯಾವ ತಂದೆ ಬಾಯಿ ತೆರೆದಾನು. ಇನ್ನೆರಡು ಅಡಿ.

ಮಧ್ಯಾಹ್ನ ರೊಟ್ಟಿಯ ಡಬ್ಬಿ ಬಿಚ್ಚುವಾಗ ಲೋಣಾವಳಾದಿಂದ ಗೂಳಪ್ಪನವರ ಫೋನು. ಟೇಪಿನ ಸಲುವಾಗಿ ಶಿವಬಸವ್ವ ಅವರಿಗೆ ಫೋನು ಮಾಡಿ ಚೆನ್ನಾಗಿ ಬೈದಿದ್ದಳಂತೆ. ಬೈಗಳ ನಡುವೆ ಕಪಾಟಿನ ಸುದ್ದಿ ಅವರಿಗೆ ತಿಳಿದುಹೋಗಿತ್ತು. ಗೂಳಪ್ಪನವರು ಕನ್ನಡ ಸಂಘದ ಕಾರ್ಯದರ್ಶಿ.

"ಈರಬಸಪ್ಪನವರ, ಮಾಳಿಗಿ ತನಕ ಕಪಾಟ ಅಂತಲ್ರಿ. ಭಾಳ ಸಂತೋಷ ಆತು. ಸಂಘದ ಮೈಕ್ ಸೆಟ್ಟ ನಮ್ಮನ್ಯಾಗ ಇಲಿ ಕಡೀಲಾಕತ್ತಾವ. ಎರಡ ಸ್ಪೀಕರು, ಒಂದ ಬ್ಯಾನರಿನ ಸುರುಳಿ, ಅಷ್ಟ. ಮ್ಯಾಲ ಇಟ್ಟಬಿಟ್ರ ಯಾರಿಗೂ ಗೊತ್ತಾಗೂದಿಲ್ಲ."

"ಮ್ಯಾಲ ಅಂದ್ರ..."

"ಮ್ಯಾಲಂದ್ರ ಮ್ಯಾಲ್ರಿ, ಉದ್ದಕ್ಕ. ಟೇಪ ನನ್ನ ಹಂತ್ಯಾಕ ಅದ, ಸ್ಪೀಕರ್ ಅಳತಿ ನಾ ಬಂದು ತಗೊಂಡು ಹೇಳ್ತೀನಿ."

ಆಗಲಿ ಎಂದು ಈರಬಸಪ್ಪ ಮೇಲ್ಭಾಗ ಪೂರ್ತಿ ಸಂಘಕ್ಕೆ ಬರೆದುಕೊಟ್ಟ. ಅಲ್ಲಿಗೆ ಗೋಡೆಯಲ್ಲಿ ಎರಡೂವರೆ ಅಡಿ ಉಳಿದಿತ್ತು. ತನ್ನ ಒಂದೂವರೆ ಅಡಿ ಹೋಗಿಯೂ ಒಂದಡಿ ಮಿಗುತ್ತದೆಂದು ಸಮಾಧಾನ ಮಾಡಿಕೊಂಡು ಅವನು ಉಳಿದ ರೊಟ್ಟಿ ತಿಂದ.

ಮೂರು ಗಂಟೆಗೆ ಸ್ಟೋರಿನ ಮ್ಯಾನೇಜರ್ ಸಾಯಲಿ ಮ್ಯಾಡಮ್ ಮೀಟಿಂಗು ಮುಗಿಸಿ ಬಂದದ್ದು ಅವನಿಗೆ ಕಾಣಲಿಲ್ಲ. ಅವನು ಆಗ ಪರದೆಯ ಮೇಲೆ ತನ್ನ ಹಲಗೆಯನ್ನು ನಾಲ್ಕನೇ ಸಲ ಇಳಿಸುತ್ತಿದ್ದ.

"ಹೇ ಕಾಯ್ ಚಾಲ್ಲಂಯ್, ಈರಬಸಪ್ಪಾ?" ಏನು ನಡೆದಿದೆ ಇಲ್ಲಿ ಎಂದು ಹಿಂದಿನಿಂದ ಮರಾಠಿಯಲ್ಲಿ ದನಿ ಬಂತು.

ಅವನು ಎದ್ದು ನಿಂತು, "ಮ್ಯಾಡಮ್, ಕಪಾಟ್... ಘರಾಚಂ..." ಎಂದು ತೊದಲಿದ. ಮನೆಯ ಕೆಲಸವನ್ನು ಆಫೀಸಿನಲ್ಲಿ ಮಾಡಿದ್ದಕ್ಕೆ ಇಂದು ಮೆಮೊ ಗ್ಯಾರಂಟಿ ಎಂದುಕೊಂಡ. ಮ್ಯಾಡಮ್ ಕನ್ನಡಕ ಏರಿಸಿ ಪರದೆಗೆ ಬಗ್ಗಿದರು. "ಆಣಿ ಹೀ ಬಾಯ್ ಕೋಣ್?" ಎಂದು ಬಿಳಿ ಲಂಗದವಳನ್ನು ತೋರಿಸಿ, ಈ ಹೆಂಗಸು ಯಾರೆಂದು ಕೇಳಿದರು. ಅವನು ಗೊಂಬೆಯ ಕತೆ ಮತ್ತೊಮ್ಮೆ ಹೇಳಿದ. ಬೈಗುಳ ಬರಲಿಲ್ಲ. ಅದರ ಬದಲು ಮ್ಯಾಡಮ್ ಅವನ ಕುರ್ಚಿಯಲ್ಲೇ ಕೂತು ಮೌಸ್ ಹಿಡಿದರು. ಕಳೆದ ವರ್ಷ ಅವರ ಮನೆಯಲ್ಲೂ ಇಂಥದೇ ಕಪಾಟು ಮಾಡಿಸಿದ್ದರಂತೆ. ಟೀವಿಗೆ ಜಾಗ ಬಿಡದೆ ಮಾಡಿಸಿ ಇಂದಿಗೂ ಗಂಡನಿಂದ ಬೈಸಿಕೊಳ್ಳುತ್ತಿದ್ದಾರಂತೆ.

"ಟೀವ್ಹೀ ಮಧೋಮಧ್ ಹವಾ," ಎಂದು ನಟ್ಟನಡುವೆ ಟೀವಿಯ ಖಣವೊಂದನ್ನು ಎಳೆದು ಕೂಡಿಸಿದರು. ಎರಡೂವರೆ ಅಡಿ. ಎಲ್ಲ ಖಣಗಳೂ ಪಕ್ಕಕ್ಕೆ ಸರಿದವು. ಕೊನೆಯದು ಗೋಡೆ ದಾಟಿ ಕೆಂಪಗಾಯಿತು. ಮ್ಯಾಡಮ್ "ಛಾನ್" ಎಂದು ಮೆಚ್ಚಿಕೊಂಡು ತಮ್ಮ ಕ್ಯಾಬಿನ್ನಿಗೆ ಹೋದರು.

ಮೇಲಧಿಕಾರಿ ಕೂಡಿಸಿದ ಟೀವಿ. ಅದನ್ನು ಕೀಳುವ ಧೈರ್ಯ ಈರಬಸಪ್ಪನಿಗಿರಲಿಲ್ಲ. ಮೇಲಾಗಿ ಟೀವಿ ನಡುವೆ ಬೇಕೆಂದು ತ್ರಿವೇಣಿಯೂ ಎಂದೋ ಹೇಳಿದ್ದಳು. ಅವನು ಕೌದಿಯ ಕಡೆ ನೋಡಿದ, ಅವ್ವ ಕಂಡಳು. ಯಂತ್ರದ ಕಡೆ ನೋಡಿದ, ಹೆಂಡತಿ ಕಂಡಳು. ಟೇಬಲ್ಲಿನ ಕಡೆ ನೋಡಿದರೆ ಮಾರ್ಚ್ ತಿಂಗಳು ಕಂಡಿತು.

"ಸಾರ್, ಎಂಡಲ್ಲಿ ಇದೊಂದು ಎಕ್ಸ್‌ಟ್ರಾ ಬರ್ತಾ ಇದೆ. ಯಾರದ್ದು ಸಾರ್ ಇದು? ಡಿಲೀಟ್ ಮಾಡ್ಲಾ?" ಎಂದ ಅಭಿಲಾಷ.

"ಯಾರದೂ ಅಲ್ಲ. ಮಾಡು," ಎಂದ ಈರಬಸಪ್ಪ. ಹಲಗೆ, ಮೇಜು, ಕೀಲಿ, ಎಲ್ಲ ಒಂದೇ ಏಟಿಗೆ ಪರದೆಯಿಂದ ಹೋದವು. ಅವನು ನೀರು ಕುಡಿದು ಬರುತ್ತೇನೆಂದು ಎದ್ದು ಹೋದ.

ನಾಲ್ಕಕ್ಕೆ ದೇವಾನಂದನ ಫೋನು. "ನಕ್ಷಾ ತಯಾರ್ ಅದೇನ್ರಿ ಸಾಹೇಬ್ರ? ಗೋಡಿ ಅಳತಿ ಖರೇದ ಅದನೊ ಇಲ್ಲೊ?"

"ಬಿಲ್ಡರ್ ಪುಸ್ತಕದಾಗ ಒಂಬತ್ತ ಫೂಟ ಅದ."

"ಬಿಲ್ಡರ್ ಪುಸ್ತಕ ನಂಬಿ ನಾ ಕಡ್ಡಿನೂ ಕೊಯ್ಯಂಗಿಲ್ರಿ. ಸಂಜಿಕ ಏಳಕ್ಕ ನಾನ ಬಂದು ಟೇಪ ಹಚ್ಚಿ ನೋಡ್ತೀನಿ. ಖರೆ ಪ್ಲೈವುಡ್ಡಿಗಿ ಈಗ ಹೇಳಬೇಕಲ್ರಿ, ಮನಿಗಿ ಫೋನ್ ಹಚ್ಚಿ ಒಮ್ಮೆ ಕೇಳ್ರಿ."

ಈರಬಸಪ್ಪ ಮನೆಗೆ ಫೋನು ಹಚ್ಚಿದ. ತ್ರಿವೇಣಿ ಹೊಲಿದ ಕುಪ್ಪಸ ಕೊಡಲು ಆಕುರ್ಡಿಗೆ ಹೋಗಿದ್ದಳು, ಹೊಲಿಗೆಯ ಟೇಪು ಅವಳ ಕೊರಳಲ್ಲೇ ಹೋಗಿತ್ತು. ಸ್ನೇಹಲ್ ಕ್ಲಾಸಿನಲ್ಲಿದ್ದಳು. ಮನೆಯಲ್ಲಿದ್ದವಳು ಅವ್ವ ಒಬ್ಬಳೇ.

"ಟೇಪ ಯಾಕ ಬೇಕೊ? ನಾ ಇಲ್ಲೇನು? ನಿಮ್ಮ ಅಪ್ಪ ಇಂಡ್ಯಾಗ ಮನಿ ಕಟ್ಟಸ್ದಾಗ ಪಡಸಾಲಿ ಗೋಡಿ ನಾನ ಗೇಣ ಹಾಕಿ ಕೊಟ್ಟಾಕಿ. ಒಂದ ಬೆರಳ ಹೆಚ್ಚ ಇಲ್ಲ, ಒಂದ ಬೆರಳ ಕಡಿಮಿ ಇಲ್ಲ. ತಡಿ, ಫೋನ್ ಕೆಳಗ ಇಡ್ತೀನಿ."

ಫೋನಿನಲ್ಲಿ ಅವ್ವ ಗೋಡೆಯುದ್ದಕ್ಕೂ ಎಣಿಸುತ್ತ ನಡೆದದ್ದು ಕೇಳಿಸಿತು. ನಡುವೆ ಒಮ್ಮೆ ಹಾಲಿನವನು ಬಂದದ್ದರಿಂದ ಎಣಿಕೆ ತಪ್ಪಿ ಮತ್ತೆ ಮೊದಲಿನಿಂದ ಶುರು ಮಾಡಿದಳು. ಕೊನೆಗೆ ಏದುಸಿರು ಬಿಡುತ್ತ ಬಂದಳು.

"ಹದಿನಾಕ ಗೇಣ ಬರೋಬ್ಬರಿ. ಬರಕೊ."

ಅಭಿಲಾಷನ ಸಾಫ್ಟ್‌ವೇರಿನಲ್ಲಿ ಅಡಿ ಇತ್ತು, ಇಂಚು ಇತ್ತು, ಮಿಲಿಮೀಟರ್ ಇತ್ತು, ಗೇಣು ಇರಲಿಲ್ಲ. "ಗೇಣು ಅಂದ್ರೆ ಎಷ್ಟು ಸಾರ್?" ಎಂದು ಅವನು ಕೇಳಿದ. ಈರಬಸಪ್ಪ ಸ್ಟೋರಿನ ಉಕ್ಕಿನ ಪಟ್ಟಿಯ ಮೇಲೆ ಕೈ ಅಗಲಿಸಿ ಇಟ್ಟ. ಹೆಬ್ಬೆರಳ ತುದಿಯಿಂದ ಕಿರುಬೆರಳ ತುದಿಗೆ ಒಂಬತ್ತು ಇಂಚು. ಸಾಲೆಯಲ್ಲಿ ಕಲಿತದ್ದೂ ಅಷ್ಟೇ, ಎರಡು ಗೇಣಿಗೆ ಒಂದು ಮೊಳ, ಒಂದು ಮೊಳಕ್ಕೆ ಹದಿನೆಂಟು ಇಂಚು. ಅಭಿಲಾಷ ಗುಣಿಸಿದ.

"ನೂರಾ ಇಪ್ಪತ್ತಾರು ಇಂಚು ಸಾರ್. ಹತ್ತೂವರೆ ಅಡಿ."

"ಎಷ್ಟು?"

"ಹತ್ತೂವರೆ. ಗೋಡೆ ಒಂದೂವರೆ ಅಡಿ ಜಾಸ್ತಿನೇ ಇದೆ."

ಈರಬಸಪ್ಪ ಕುರ್ಚಿಯಲ್ಲಿ ಕುಸಿದು ಕೂತ. ಪುಣೆಯಲ್ಲಿ ಇಪ್ಪತ್ತು ವರ್ಷ ಕಳೆದಿದ್ದ ಅವನು ಬಿಲ್ಡರ್ ಒಬ್ಬ ಬರೆದುಕೊಟ್ಟದ್ದಕ್ಕಿಂತ ಹೆಚ್ಚು ಕಟ್ಟಿಕೊಟ್ಟದ್ದನ್ನು ಕೇಳಿದ್ದು ಇದೇ ಮೊದಲು. ಅದೂ ಎಷ್ಟು ಹೆಚ್ಚು? ಸರಿಯಾಗಿ ಅವನಿಗೆ ಬೇಕಾದಷ್ಟೇ. ಇಷ್ಟು ವರ್ಷ ಆ ಬಿಲ್ಡರನನ್ನು ಸೋರುವ ನಲ್ಲಿಗಾಗಿ, ಬಿರುಕು ಬಿಟ್ಟ ಗಿಲಾವಿಗಾಗಿ ಬೈದದ್ದೆಲ್ಲ ನೆನಪಾಗಿ ಅವನಿಗೆ ನಾಚಿಕೆಯಾಯಿತು. ಮನಸ್ಸಿನಲ್ಲೇ ಕ್ಷಮೆ ಕೇಳಿದ. ಗೋಡೆಯ ಅಳತೆ ತಿದ್ದಿ, ಯಾರನ್ನೂ ಕೇಳದೆ, ತನ್ನ ಕೈಯಾರೆ ಮೌಸ್ ಹಿಡಿದು ಮೂಲೆಯಲ್ಲಿ ತನ್ನ ಖಣವನ್ನು ಮತ್ತೆ ಕೂಡಿಸಿದ. ಅದು ಕೆಂಪಗಾಗಲಿಲ್ಲ. ಬಿಳಿ ಲಂಗದವಳು ಬಂದು ಅದರ ಪಕ್ಕದಲ್ಲೇ ನಿಂತಳು. ಈಗ ಅವಳೂ ಚೆನ್ನಾಗಿಯೇ ಕಂಡಳು.

ಐದಕ್ಕೆ ಐದು ನಿಮಿಷ ಇರುವಾಗ ನಕ್ಷೆ ದೇವಾನಂದನಿಗೆ ಹೋಯಿತು. ಐದೂವರೆಗೆ ಕಂಪನಿ ಬಸ್ಸು ಹತ್ತಿದ ಈರಬಸಪ್ಪ ಕಿಟಕಿಗೆ ತಲೆಯಾನಿಸಿಕೊಂಡು, ಮೊದಲು ಯಾವ ಗಡಿಯಾರ ಬಿಚ್ಚಬೇಕು ಎಂದು ಯೋಚಿಸುತ್ತ ಬಂದ. ನಿಗಡಿಯಲ್ಲಿ ಇಳಿದು, ಹಲಗೆಯ ಅಂಚಿಗೆ ಕಚ್ಚಿಸುವ ಒಂದು ಪುಟ್ಟ ದೀಪ ಕೊಂಡ. ಅಂಗಡಿಯವನು ಯಾರಿಗೆ ಎಂದು ಕೇಳಿದಾಗ "ನನಗ" ಎಂದು ಕನ್ನಡದಲ್ಲೇ ಹೇಳಿಬಿಟ್ಟ. ಪಾಪ, ಮರಾಠಿ ಅಂಗಡಿಯವನಿಗೆ ಅದು ಅರ್ಥವಾಗಲಿಲ್ಲ.

ಏಳಕ್ಕೆ ಸರಿಯಾಗಿ ದೇವಾನಂದ ಬಂದ. ಕಿವಿಯ ಮೇಲೆ ಪೆನ್ಸಿಲು, ಕೈಯಲ್ಲಿ ಟೇಪು. ಸ್ನೇಹಲ್ ತನ್ನ ಲ್ಯಾಪ್‌ಟಾಪಿನಲ್ಲೂ ಅದೇ ಸಾಫ್ಟ್‌ವೇರ್ ಹಾಕಿಕೊಂಡು ನಕ್ಷೆ ತೆರೆದು ಕೂತಳು. ತ್ರಿವೇಣಿ ಚಹಾ ತಂದಳು. ಅವ್ವ ದಿವಾನಿನ ಮೇಲೆ, ಗೋಡೆ ಅಳೆದುಕೊಟ್ಟ ಠೀವಿಯಲ್ಲಿ ಕೂತಿದ್ದಳು. ದೇವಾನಂದ ಮಲಗುವ ಕೋಣೆಯ ಬಾಗಿಲಿನಿಂದ ಬಾಲ್ಕನಿಯ ಮೂಲೆಯವರೆಗೆ ಟೇಪು ಎಳೆದ. ಬಗ್ಗಿ ನೋಡಿದ. ಎದ್ದು ಮತ್ತೊಮ್ಮೆ ಎಳೆದ.

"ಸಾಹೇಬ್ರ, ಒಂಬತ್ತ ಫೂಟ ಅದರಿ."

"ಹತ್ತೂವರಿ," ಎಂದ ಈರಬಸಪ್ಪ.

"ಒಂಬತ್ತರಿ. ನೀವ ನೋಡ್ರಿ."

"ನಿನ್ನ ಟೇಪಿಗಿ ಏನೋ ಆಗೇದ," ಎಂದಳು ಅವ್ವ ಕೂತಲ್ಲಿಂದಲೇ. "ಹದಿನಾಕ ಗೇಣ ನಾ ಖುದ್ದ ಹಾಕೀನಿ."

ಟೇಪಿನ ಮೇಲೆ ಸಂಶಯ ಬಂದ ಆ ಗಳಿಗೆಗೆ ಸರಿಯಾಗಿ ಬಾಗಿಲಲ್ಲಿ ಗೂಳಪ್ಪನವರು ಕಾಣಿಸಿಕೊಂಡರು. ಒಂದು ಕೈಯಲ್ಲಿ ಚಿಕ್ಕಿಯ ಪೊಟ್ಟಣ, ಇನ್ನೊಂದರಲ್ಲಿ ಹಳದಿ ಡಬ್ಬಿ. ಈರಬಸಪ್ಪ ಅದನ್ನು ಕಸಿದುಕೊಂಡವನಂತೆ ಇಸಿದುಕೊಂಡು ತಾನೇ ಗೋಡೆಗೆ ಹಚ್ಚಿದ. ಇಡೀ ದಿನ ಲೋಣಾವಳಾ ನೋಡಿ ಬಂದ ಟೇಪು ಕೂಡ ಒಂಬತ್ತು ಅಡಿ ಎಂದಿತು.

ಅವ್ವನಿಗೆ ಸಿಟ್ಟು ಬಂತು. ದಿವಾನಿನಿಂದ ಇಳಿದು, ಸೆರಗು ಸಿಗಿಸಿ, ಎಲ್ಲರ ಎದುರಿಗೇ ಗೋಡೆಯ ಮೇಲೆ ಗೇಣು ಹಾಕುತ್ತ ಹೊರಟಳು. ಸ್ನೇಹಲ್ ಎಣಿಸಿದಳು. ಹದಿನಾಲ್ಕಕ್ಕೆ ಬಾಲ್ಕನಿಯ ಮೂಲೆ. ಒಂದು ಬೆರಳು ಹೆಚ್ಚಿಲ್ಲ, ಒಂದು ಬೆರಳು ಕಡಿಮೆಯಿಲ್ಲ. "ಈಗೇನಂತೀರಿ?" ಎಂಬಂತೆ ಅವಳು ತಿರುಗಿ ನಿಂತಳು.

ಈರಬಸಪ್ಪ ನಿಧಾನವಾಗಿ ಗೋಡೆಯ ಆ ತುದಿಗೆ ಹೋಗಿ ತನ್ನ ಗೇಣು ಹಾಕತೊಡಗಿದ. ಹತ್ತು, ಹನ್ನೊಂದು, ಹನ್ನೆರಡು. ಹನ್ನೆರಡಕ್ಕೆ ಅವನ ಕಿರುಬೆರಳು ಮೂಲೆಗೆ ತಾಗಿತು. ಅವನು ಆ ಬೆರಳನ್ನು ಅಲ್ಲಿಯೇ ಇಟ್ಟುಕೊಂಡು ಲೆಕ್ಕ ಹಾಕಿದ: ಹನ್ನೆರಡು ಗೇಣು, ಒಂದಕ್ಕೆ ಒಂಬತ್ತು ಇಂಚು, ಸರಿಯಾಗಿ ಒಂಬತ್ತು ಅಡಿ.

ಅವನಿಗೆ ಸಿಕ್ಕಿದ್ದ ಒಂದೂವರೆ ಅಡಿ ಬಿಲ್ಡರನ ಔದಾರ್ಯವಲ್ಲ. ಅದು ಅವನ ಕೈಗೂ ಅವ್ವನ ಕೈಗೂ ಇದ್ದ ಅಂತರ.

"ಸ್ನೇಹಲ್, ಗೋಡಿ ಒಂಬತ್ತ ಮಾಡವ್ವ," ಎಂದ ದೇವಾನಂದ. ಸ್ನೇಹಲ್ ಅಂಕಿ ತಿದ್ದಿದಳು. ಗೋಡೆ ಸರಕ್ಕನೆ ಒಳಗೆ ಸರಿಯಿತು. ಈರಬಸಪ್ಪನ ಖಣ ಗೋಡೆ ಒಡೆದುಕೊಂಡು ಹೊರಬಿದ್ದು ಕೆಂಪಗಾಯಿತು. ಅದರ ಪಕ್ಕದ ಬಿಳಿ ಲಂಗದವಳು ನಾಲ್ಕನೇ ಮಹಡಿಯ ಹೊರಗೆ ಗಾಳಿಯಲ್ಲಿ ಕಾಫಿ ಹಿಡಿದು ನಗುತ್ತ ನಿಂತಿದ್ದಳು.

"ಒಂದ ಖಣ ತಗೀಬೇಕರಿ. ಯಾವುದು ತಗೀಲಿ?" ಎಂದು ದೇವಾನಂದ ಎಲ್ಲರನ್ನೂ ಕೇಳಿದ.

ತ್ರಿವೇಣಿ ತನ್ನ ಹೊಲಿಗೆ ಯಂತ್ರದ ಕಡೆ ನೋಡಿದಳು. ಸ್ನೇಹಲ್ ಪುಸ್ತಕಗಳ ಕಡೆ. ಗೂಳಪ್ಪನವರು ಮಾಳಿಗೆಯ ಕಡೆ ನೋಡಿ, ಮೈಕ್ ಸೆಟ್ಟಿನ ಜಾಗ ಮೇಲಿರುವುದರಿಂದ ಅದರ ಮಾತು ಬಾರದೆಂದು ಖಾತ್ರಿ ಮಾಡಿಕೊಂಡು ಕುರ್ಚಿಯಲ್ಲಿ ಹಿಂದಕ್ಕೆ ಒರಗಿದರು.

"ಈ ತುದೀದ ಯಾರದು? ಇದರಾಗ ಏನ್ ಇಡ್ತೀರಿ?" ಎಂದಳು ತ್ರಿವೇಣಿ ಲ್ಯಾಪ್‌ಟಾಪಿಗೆ ಬಗ್ಗಿ. "ಮುಂಜಾನೆ ನೋಡಿದಾಗೂ ಇತ್ತು. ಕೇಳಬೇಕಂದೆ, ಆ ಬಿಳಿ ಲಂಗದಾಕಿ ಗದ್ದಲದಾಗ ಮರತೆ."

ಹೇಳುವುದಾದರೆ ಅದೇ ಹೊತ್ತು. ಇದು ನನ್ನದು, ನನಗೆ ಬೇಕು ಎಂದು ಎರಡು ಮಾತು. ಈರಬಸಪ್ಪನ ನಾಲಿಗೆಯ ತುದಿಗೆ ಬಂದವು ಕೂಡ. ಆದರೆ ಹಾಗೆಂದರೆ ಈ ಮೂವರಲ್ಲಿ ಯಾರೋ ಒಬ್ಬರದು ಹೋಗಬೇಕು.

"ಸುಮ್ನ ಹಾಕಿದ್ದೆ. ಚಂದ ಕಾಣ್ಲಿ ಅಂತ," ಎಂದ.

ಸಾಫ್ಟ್‌ವೇರ್ ನಿಜವಾಗಿಯೂ ತೆಗೆಯಬೇಕೇ ಎಂದು ಕೇಳಿತು. ಆ ದಿನ ನಿಜವಾಗಿಯೂ ಎಂದು ಅವನನ್ನು ಮತ್ತೊಮ್ಮೆ ಕೇಳಿದ್ದು ಅದೊಂದೇ. ಈರಬಸಪ್ಪ ಕೈ ಚಾಚಿ ಹೌದು ಎಂದು ಒತ್ತಿದ.

ಪಕ್ಕದಲ್ಲಿ ಬಂದು ಕೂತ ಅವ್ವ ಅವನ ಕೈ ಎಳೆದುಕೊಂಡು ತನ್ನ ಅಂಗೈಗೆ ಹಚ್ಚಿ ನೋಡಿದಳು. ಅವನ ಬೆರಳುಗಳು ಅವಳ ಬೆರಳುಗಳನ್ನು ದಾಟಿ ಒಂದು ಗೆಣ್ಣು ಮುಂದೆ ಹೋಗಿದ್ದವು. "ನೀ ಕೂಸಿದ್ದಾಗ ನಾ ಬಳಿ ತೊಡಿಸೂ ಮುಂದ ಇದೀಟ ಇತ್ತು. ಯಾವಾಗ ಇಷ್ಟ ದೊಡ್ಡದಾತೊ ಇದು," ಎಂದಳು. ಸಿಟ್ಟೆಲ್ಲ ಇಳಿದಿತ್ತು. ಈರಬಸಪ್ಪನಿಗೆ ಅತ್ತುಬಿಡಬೇಕೆನಿಸಿತು. ಖಣಕ್ಕೋ ಕೈಗೋ ಅವನಿಗೇ ತಿಳಿಯಲಿಲ್ಲ.

"ಅವ್ವಾ, ನನ್ನ ಗಡಿಯಾರದ ಸಾಮಾನ ಟ್ರಂಕಿನಾಗ ಅವಲ್ಲ. ಅವನ್ನ..."

"ಅಯ್ಯ, ಅದಕ್ಕ ಯಾಕ ಚಿಂತಿ? ಟ್ರಂಕ ಜಂಗ ಹಿಡದದ, ಒಗದಬಿಡೂನು. ಸಾಮಾನ ನನ್ನ ಹಂಡ್ಯಾಗ ಇಡು. ಮ್ಯಾಲ ಕೌದಿ ಮುಚ್ಚಿದ್ರ ಧೂಳೂ ಹತ್ತೂದಿಲ್ಲ."

ಇಷ್ಟು ದಿನ ಹಂಡೆಯ ಕೆಳಗಿದ್ದದ್ದು ಇನ್ನು ಹಂಡೆಯ ಒಳಗೆ ಹೋಗುವುದೆಂದು ಸಭೆಯಲ್ಲಿ ತೀರ್ಮಾನವಾಯಿತು. ತರಿಸಿಟ್ಟ ಪ್ಲೈವುಡ್ಡಿನಲ್ಲಿ ಒಂದೂವರೆ ಅಡಿಯಷ್ಟು ಉಳಿಯುತ್ತದೆ, ಅದರಲ್ಲಿ ಹಂಡೆಗೊಂದು ಮಣೆ ಮಾಡಿಕೊಡುತ್ತೇನೆಂದು ದೇವಾನಂದ ಹೇಳಿದ. ಅವ್ವ ಅವನನ್ನು ಹರಸಿದಳು. ತ್ರಿವೇಣಿ ಅವನ ಚೀಲದಿಂದ ದೀಪ ತೆಗೆದು ನೋಡಿ, "ಅಯ್ಯ, ನನಗ ಅಂತ ತಂದೀರೇನು? ಸೂಜಿಗಿ ದಾರ ಪೋಣಸ್ಲಾಕ ಕಣ್ಣ ಕಾಣೂದಿಲ್ಲಂತ ನಿಮಗ ಹೆಂಗ ಗೊತ್ತಾತು?" ಎಂದು ಅದನ್ನು ಹೊಲಿಗೆ ಯಂತ್ರಕ್ಕೆ ಕಚ್ಚಿಸಿಯೇಬಿಟ್ಟಳು. ಮದುವೆಯಾದ ಮೇಲೆ ಅವಳು ಅವನನ್ನು ಅಷ್ಟು ಪ್ರೀತಿಯಿಂದ ನೋಡಿದ್ದು ಕಡಿಮೆ. ಅವನು ಹೂಂ ಎಂದ.

ಗೂಳಪ್ಪನವರು ಗೋಡೆ ಗಡಿಯಾರ ನೋಡಿ, ಇನ್ನೂ ನಾಲ್ಕೂ ಹತ್ತು ಎಂದು ಇನ್ನೊಂದು ಚಹಾ ಕುಡಿದರು. ಏಳುವಾಗ ಹಳದಿ ಡಬ್ಬಿಯನ್ನು ಅವನ ಕೈಗಿಟ್ಟು, ಮೆಟ್ಟಿಲ ತನಕ ಹೋಗಿ, ಮತ್ತೆ ತಿರುಗಿ ಬಂದರು.

"ಈರಬಸಪ್ಪನವರ, ಹೇಳೂದ ಮರತೆ. ಸ್ಪೀಕರ್ ಅಳತಿ ತಗೊಳ್ಳೂದದ ಅಲ್ರಿ. ಟೇಪ ಎರಡ ನಿಮಿಷ ಬೇಕಾಗಿತ್ತು."

ಈರಬಸಪ್ಪ ಟೇಪನ್ನು ಅವರ ಕಿಸೆಯಲ್ಲಿ ತಾನೇ ಇಳಿಸಿದ.

"ನಿಮ್ಮ ಹಂತ್ಯಾಕ ಇಟಗೋರಿ. ನಮ್ಮ ಮನ್ಯಾಗ ನಂದಂತ ಅಳತಿ ಮಾಡೂದು ಏನೂ ಉಳದಿಲ್ಲ."